ಎರಡು ಬೆರಳಷ್ಟು ಮೆತ್ತಗಿನ ಜಾಗ

ಜನವರಿ 9, 2025

ಮಂಗಳೂರಿನ ಆಸ್ಪತ್ರೆಯಲ್ಲಿ ಇವತ್ತು ದೀಪ್ತಿ ಎಂಬ ಕೌನ್ಸೆಲರ್ ನನ್ನನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿಸಿದರು. ಕಿಡ್ನಿ ಕೊಡುವವರ ಮನಸ್ಸು ಗಟ್ಟಿಯಾಗಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ನಾನು ಹೆಚ್ಚು ಮಾತಾಡಲಿಲ್ಲ. ಕೊನೆಗೆ ಅವರು, "ಬಾಯಲ್ಲಿ ಬರದಿದ್ದರೆ ಬರೆದಿಡಿ. ಯಾರಿಗೂ ತೋರಿಸುವುದು ಬೇಡ, ನನಗೂ ಬೇಡ" ಎಂದರು. ಸಹಕಾರಿ ಬ್ಯಾಂಕಿನವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಹತ್ತನೆಯವರೆಗೆ ಕನ್ನಡ ಶಾಲೆ ನನ್ನದು. ಕೇರಳದ ಕರೆಂಟು ಇಲಾಖೆಯಲ್ಲಿ ಲೈನ್‌ಮ್ಯಾನ್ ಕೆಲಸ, ಸೆಕ್ಷನ್ ಆಫೀಸಿನ ಪುಸ್ತಕದಲ್ಲಿ ಬರೆಯುವುದೆಲ್ಲ ಮಲಯಾಳ. ಆದರೂ ಅಕ್ಷರ ಮರೆತಿಲ್ಲ.

ವಿಷಯ ಇಷ್ಟು. ನನ್ನ ಅಕ್ಕ ಪುಷ್ಪಾವತಿಗೆ ನಲವತ್ತೆಂಟು ವರ್ಷ. ಕಾಸರಗೋಡಿನ ಕಾರಡ್ಕದಲ್ಲಿ ಮನೆ, ಅಂಗನವಾಡಿ ಟೀಚರ್. ಏಳು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ರಿಕ್ಷಾ ಓಡಿಸುವ ಭಾವ ಕೂಸಪ್ಪನವರಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ಆಗುವುದಿಲ್ಲ. ಮಗಳು ರಶ್ಮಿತಾ ತಾನು ಕೊಡುತ್ತೇನೆಂದು ಹಟ ಹಿಡಿದಳು. ಅವಳಿಗೆ ಇನ್ನೂ ಇಪ್ಪತ್ತೊಂದು. ಅಕ್ಕ ಬೇಡವೆಂದಳು, ಇವಳು ಕೇಳಲಿಲ್ಲ. ಆಗ ನಾನು ಹೆಸರು ಕೊಟ್ಟೆ. ಹುಡುಗಿಯನ್ನು ತಪ್ಪಿಸಲಿಕ್ಕೆ ಕೊಟ್ಟದ್ದು, ಅಕ್ಕನಿಗಾಗಿ ಅಲ್ಲ. ಇದನ್ನು ದೀಪ್ತಿಯವರಲ್ಲಿ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಜನವರಿ 12

ಇನ್ನೊಂದು ವಿಷಯವನ್ನೂ ಬರೆದು ಮುಗಿಸಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ನನಗೆ ದೇಲಂಪಾಡಿ ಕಡೆಯ ಒಂದು ಹೆಣ್ಣು ನಿಶ್ಚಯವಾಗಿತ್ತು. ದಿನ ಗೊತ್ತುಮಾಡಿ ಆಗಿತ್ತು. ಅಕ್ಕ ಒಬ್ಬಳೇ ಬಸ್ಸು ಹತ್ತಿ ಅವರ ಮನೆಗೆ ಹೋಗಿ, "ನನ್ನ ತಮ್ಮ ದಿನಾ ಕುಡಿಯುತ್ತಾನೆ, ತಿಳಿದು ಕೊಡಿ" ಎಂದು ಹೇಳಿ ಬಂದಳು. ಅವರು ಕೊಡಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಕುಡಿಯುತ್ತಿದ್ದೆ. ಬಿಟ್ಟು ಆರು ವರ್ಷವಾಯಿತು. ಆದರೆ ಹೇಳಬೇಕಾದ್ದನ್ನು ನನ್ನ ಹತ್ತಿರ ಹೇಳಬಹುದಿತ್ತು. ಅಂದಿನಿಂದ ಮಾತಿಲ್ಲ. ಮದುವೆ, ಸಾವು ಎಂದು ಎಲ್ಲಾದರೂ ಎದುರಾದರೆ ನಾನು ಪಂಕ್ತಿಯ ಆಚೆ ತುದಿಯಲ್ಲಿ ಕೂರುತ್ತೇನೆ.

ಈಗ ನನಗೆ ನಲವತ್ತೊಂದು ವರ್ಷ. ಬೋವಿಕಾನದಲ್ಲಿ ಬಾಡಿಗೆ ಕೋಣೆ.

ಜನವರಿ 23

ರಕ್ತದ ಗುಂಪು ಒಂದೇ. ಎದೆಯ ಫೋಟೋ, ಹೃದಯದ ಪರೀಕ್ಷೆ, ಇಪ್ಪತ್ತನಾಲ್ಕು ಗಂಟೆಯ ಮೂತ್ರ, ಎಲ್ಲದರಲ್ಲೂ ಪಾಸು. ನನ್ನ ಜೊತೆಯ ಲೈನ್‌ಮ್ಯಾನ್ ಪ್ರವೀತ್ ಕೇಳಿದ, "ಒಂದೇ ಕಿಡ್ನಿಯಲ್ಲಿ ಕಂಬ ಹತ್ಲಿಕ್ಕೆ ಆಗ್ತದಾ ಮಾರಾಯ?" ಮೂರು ತಿಂಗಳು ಭಾರ ಎತ್ತಬಾರದು, ಮತ್ತೆ ತೊಂದರೆ ಇಲ್ಲವೆಂದು ಡಾಕ್ಟರರು ಹೇಳಿದ್ದನ್ನು ಅವನಿಗೆ ಹೇಳಿದೆ. ಅವನು ನಂಬಲಿಲ್ಲ. ನಾನೂ ಅರ್ಧ ನಂಬಿದ್ದು.

ಯಾವುದಾದರೂ ಒಂದು ಪರೀಕ್ಷೆಯಲ್ಲಿ ಫೇಲಾದರೆ ಒಳ್ಳೆಯದಿತ್ತು. ಯಾರೂ ನನ್ನನ್ನು ದೂರುವಂತಿರಲಿಲ್ಲ.

ಫೆಬ್ರವರಿ 13

ಅಕ್ಕನಿಗೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಇತ್ತು. ಭಾವನಿಗೆ ಜ್ವರ, ರಶ್ಮಿತಾಳಿಗೆ ಕಾಲೇಜಿನ ಪರೀಕ್ಷೆ. ನಾನು ಕರೆದುಕೊಂಡು ಹೋಗಬೇಕಾಯಿತು. ಕಾಸರಗೋಡಿನಿಂದ ಮಂಗಳೂರಿನವರೆಗೆ ರೈಲಿನಲ್ಲಿ ಎದುರುಬದುರು ಕುಳಿತೆವು. ಉಪ್ಪಳ ದಾಟಿದ ಮೇಲೆ ಅವಳು, "ಚಾ ಕುಡಿದಿಯಾ?" ಎಂದಳು. "ಹೂಂ" ಎಂದೆ. ಬರುವಾಗ ನಾನು, "ಕೂರ್ಲಿಕ್ಕೆ ಆಗ್ತದಾ, ಮಲಗ್ತೀಯಾ?" ಎಂದು ಕೇಳಿದೆ. "ಆಗ್ತದೆ" ಎಂದಳು. ಹತ್ತು ವರ್ಷದ ಮಾತು ಇಷ್ಟರಲ್ಲಿ ಮುಗಿಯಿತು.

ಅವಳು ಮೆಟ್ಟಿಲು ಹತ್ತುವಾಗ ನಡುನಡುವೆ ನಿಲ್ಲುತ್ತಾಳೆ. ಮೊದಲು ಹೀಗಿರಲಿಲ್ಲ.

ಫೆಬ್ರವರಿ 20

ಸರ್ಜನ್ ನನ್ನನ್ನೂ ಭಾವನನ್ನೂ ಒಳಗೆ ಕರೆದು ಕಂಪ್ಯೂಟರಿನಲ್ಲಿ ಸ್ಕ್ಯಾನ್ ತೋರಿಸಿದರು. ಸೊಂಟದ ಎಲುಬು ಬೆಳ್ಳಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಎಲುಬಿನಷ್ಟೇ ಬೆಳ್ಳಗೆ ಎರಡು ಗೆರೆ ಕೆಳಗಿಳಿದಿದ್ದವು. ಅದೂ ಎಲುಬೇ ಎಂದುಕೊಂಡೆ. ಅಲ್ಲ, ಕಾಲಿಗೆ ರಕ್ತ ಕೊಂಡುಹೋಗುವ ನಾಳಗಳಂತೆ. ಆರೋಗ್ಯವಂತರ ನಾಳ ಇಂಥ ಚಿತ್ರದಲ್ಲಿ ಬೆಳ್ಳಗೆ ಕಾಣುವುದೇ ಇಲ್ಲವಂತೆ.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕಿಡ್ನಿ ಕೆಟ್ಟರೆ ಆಹಾರದಲ್ಲಿರುವ ರಂಜಕ, ಅಂದರೆ ಫಾಸ್ಫರಸ್, ಮೈಯಿಂದ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ರಂಜಕ ಹೆಚ್ಚಾದಾಗ ಕುತ್ತಿಗೆಯಲ್ಲಿರುವ ನಾಲ್ಕು ಸಣ್ಣ ಗ್ರಂಥಿಗಳು ಕೆರಳಿ ಎಲುಬಿನಿಂದ ಸುಣ್ಣದ ಅಂಶವನ್ನು ಎಳೆಯುತ್ತವೆ. ಅದು ವರ್ಷಗಟ್ಟಲೆ ನಾಳದ ಗೋಡೆಯೊಳಗೆ ಕೂರುತ್ತದೆ. ಎಲುಬು ಸವೆಯುತ್ತದೆ, ನಾಳ ಗಟ್ಟಿಯಾಗುತ್ತದೆ. ಹೊಸ ಕಿಡ್ನಿಯನ್ನು ಜೋಡಿಸುವುದು ಇದೇ ನಾಳಕ್ಕೆ. ಜೋಡಿಸುವಾಗ ನಾಳವನ್ನು ಚಿಮುಟದಂಥ ಸಾಧನದಿಂದ ಅದುಮಿ ರಕ್ತ ನಿಲ್ಲಿಸಬೇಕು. ಗಟ್ಟಿಯಾದದ್ದನ್ನು ಅದುಮಿದರೆ ಮೊಟ್ಟೆಯ ಸಿಪ್ಪೆಯ ಹಾಗೆ ಒಡೆಯುತ್ತದೆ. ಕಾಲೇ ಹೋಗಬಹುದು, ಜೀವವೂ ಹೋಗಬಹುದು.

"ಕಿಡ್ನಿ ಉಂಟು, ಹೊಲಿಯಲಿಕ್ಕೆ ಜಾಗ ಇಲ್ಲ. ನಾವು ಮಾಡುವುದಿಲ್ಲ" ಎಂದರು.

ಹೊರಗೆ ಬಂದು ಭಾವ ಗೋಡೆಗೆ ಒರಗಿದರು. "ಅವಳಿಗೆ ಹೇಳುದು ಬೇಡ ಯೋಗೀಶಾ. ಕಾಗದಪತ್ರ ತಡ ಆಗ್ತದೆ ಅಂತ ಹೇಳುವ. ಈ ಆಸೆಯಲ್ಲೇ ಅವಳು ಇರುದು." ಆಗಲಿ ಎಂದೆ. ನನಗೇನು ಹೋಗುವುದುಂಟು?

ಫೆಬ್ರವರಿ 21

ನನ್ನ ಕಿಡ್ನಿ ನನ್ನಲ್ಲೇ ಉಳಿಯಿತು. ಹಗುರಾಗಬೇಕಿತ್ತು. ರಾಶಿ ಕೆಲಸ ಇದ್ದದ್ದರಿಂದ ಗೊತ್ತಾಗಲಿಲ್ಲವೋ ಏನೋ. ಶಾಕ್ ಹೊಡೆಯದ ಹಾಗೆ ಲೈನಿಗೆ ಹಾಕುವ ಅರ್ತ್ ಕಂಬಿ ಸರಿ ಕಟ್ಟಲಿಲ್ಲವೆಂದು ಪ್ರವೀತನಿಗೆ ರಸ್ತೆಯಲ್ಲಿ ಎಲ್ಲರೆದುರು ಬೈದೆ. ಆಮೇಲೆ ನೋಡಿದರೆ ಸರಿಯಾಗಿಯೇ ಕಟ್ಟಿದ್ದ.

ಮಾರ್ಚ್ 3

ಭಾವನ ಜ್ವರ ಮತ್ತೆ ಮರುಕಳಿಸಿತೆಂದು ಡಯಾಲಿಸಿಸ್‌ಗೆ ನಾನು ಹೋದೆ. ಅಕ್ಕನ ಎಡಗೈಯಲ್ಲಿ ಎರಡು ಸೂಜಿ, ಪಕ್ಕದಲ್ಲಿ ಯಂತ್ರ ತಿರುಗುತ್ತಿತ್ತು. ನಾಲ್ಕು ಗಂಟೆ ಕೂರಬೇಕು. ಎರಡನೆಯ ಗಂಟೆಗೆ ಅವಳು, "ಕಾಗದಪತ್ರ ಯಾವ ಆಫೀಸಿನಲ್ಲಿ ನಿಂತಿದೆ?" ಎಂದು ಕೇಳಿದಳು.

"ಯಾವ ಆಫೀಸಿನಲ್ಲೂ ನಿಂತಿಲ್ಲ" ಎಂದೆ.

ಮತ್ತೆ ಎಲ್ಲ ಹೇಳಿದೆ. ಬಿಳಿ ಗೆರೆ, ಸುಣ್ಣ, ಚಿಮುಟ, ಎಲ್ಲ. ನಿಜವಾಗಿ ಹೇಳುವುದಾದರೆ, ಅವಳ ಮುಖದ ಮೇಲೆಯೇ ಇದನ್ನು ಹೇಳಬೇಕೆಂಬ ಒಂದು ಹಟವೂ ಇತ್ತು. ಅವಳು ಅಂದು ಆ ಮನೆಯ ಜಗಲಿಯಲ್ಲಿ ಕುಳಿತು ನನ್ನ ಬಗ್ಗೆ ಹೇಳಿದ ಹಾಗೆ. ಹೇಳಿ ಮುಗಿಸಿ ನೋಡಿದರೆ ಅದರಲ್ಲಿ ಎಂಥ ಸುಖವೂ ಇರಲಿಲ್ಲ.

ಅವಳು ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿದಳು. "ಭಾವ ಹೇಳ್ಬೇಡ ಅಂದಿರ್ಬೇಕು."

"ಹೌದು."

"ಕಾಲಿನ ಬೆರಳು ಯಾವಾಗಲೂ ತಣ್ಣಗೆ ಇರ್ತದೆ ಯೋಗಿ. ಎಂತದೋ ಉಂಟು ಅಂತ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ."

ಯೋಗಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಮೊದಲು ಅಮ್ಮ, ಅವಳು ಕರೆಯುತ್ತಿದ್ದರು.

ಮಾರ್ಚ್ 10

ಕಾಸರಗೋಡಿನ ಕಿಡ್ನಿ ಡಾಕ್ಟರರನ್ನು ಕಂಡೆ. ಭಾವನಿಗೆ ಮಲಯಾಳದಲ್ಲಿ ಇಷ್ಟೆಲ್ಲ ಕೇಳಲಿಕ್ಕೆ ಬರುವುದಿಲ್ಲ, ಹಾಗಾಗಿ ಹೋದೆ. ನಾಳದಲ್ಲಿ ಕುಳಿತ ಸುಣ್ಣವನ್ನು ತೆಗೆಯುವ ಮದ್ದು ಇಲ್ಲವಂತೆ. ಇನ್ನಷ್ಟು ಕೂರದ ಹಾಗೆ ನೋಡಬಹುದು. ಊಟದ ಜೊತೆ ಕೊಡುತ್ತಿದ್ದ ಮಾತ್ರೆಯಲ್ಲೇ ಸುಣ್ಣದ ಅಂಶ ಇತ್ತಂತೆ, ಅದನ್ನು ಬದಲಿಸಿದರು. ರಂಜಕ ಇರುವ ಆಹಾರದ ಪಟ್ಟಿ ಕೊಟ್ಟರು: ಹಾಲು, ಕಡಲೆ, ಬಾಟಲಿಯ ಕಪ್ಪು ಪಾನೀಯ, ಒಣಮೀನು. ಕುತ್ತಿಗೆಯ ಗ್ರಂಥಿಗಳನ್ನು ಆಪರೇಷನ್ ಮಾಡಿ ತೆಗೆಯುವುದು ಒಳ್ಳೆಯದು ಎಂದರು.

ಪಟ್ಟಿಯನ್ನು ಕನ್ನಡದಲ್ಲಿ ಬರೆದು ಅಕ್ಕನ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ.

ಮಾರ್ಚ್ 29

ಅಕ್ಕನ ಅಕ್ಕಿಡಬ್ಬಿಯಲ್ಲಿ ಕಾಗದ ಸುತ್ತಿದ ಒಣಮೀನು ಸಿಕ್ಕಿತು. ರಶ್ಮಿತಾ ಚಾ ಬೇಕು ಎಂದದ್ದಕ್ಕೆ ಸಕ್ಕರೆ ಹುಡುಕಲು ಹೋದವನು ನಾನು, ಪತ್ತೆ ಮಾಡಲಿಕ್ಕೆ ಹೋದದ್ದಲ್ಲ.

"ಇದು ಎಂತ?"

"ಬೆಕ್ಕಿಗೆ."

"ನಿಮ್ಮಲ್ಲಿ ಬೆಕ್ಕು ಉಂಟಾ?"

"ಬರ್ತದೆ ಒಂದೊಂದು ಸಲ."

ರಶ್ಮಿತಾ ನಗಲಿಕ್ಕೆ ಶುರುಮಾಡಿದಳು. ನನಗೆ ಸಿಟ್ಟು ಬಂತು. "ನಾನು ಮಂಗಳೂರು, ಕಾಸರಗೋಡು ಅಂತ ಸುತ್ತುದು, ನೀನು ಇಲ್ಲಿ ಬೆಕ್ಕಿನ ಲೆಕ್ಕದಲ್ಲಿ ತಿನ್ನುದು" ಎಂದು ಗಟ್ಟಿಯಾಗಿ ಹೇಳಿದೆ. ಅವಳೂ ಬಿಡಲಿಲ್ಲ. "ಏಳು ವರ್ಷ ನೀರನ್ನು ಗ್ಲಾಸಿನಲ್ಲಿ ಅಳೆದು ಕುಡಿದಿದ್ದೇನೆ. ಗಂಜಿಗೆ ಎರಡು ಚೂರು ಸುಟ್ಟು ತಿಂದರೆ ನಿನ್ನ ಗಂಟು ಎಂತ ಹೋಗ್ತದೆ?" ಜಗಳ ಅರ್ಧ ಗಂಟೆ ನಡೆಯಿತು. ಕೊನೆಗೆ ಒಣಮೀನು ನಾನು ತಂದೆ. ಕೋಣೆಯ ಕಿಟಕಿಯಲ್ಲಿ ಉಂಟು. ತಿನ್ನಲಿಲ್ಲ.

ಏಪ್ರಿಲ್ 24

ಮಂಗಳೂರಿನಲ್ಲಿ ಅಕ್ಕನ ಕುತ್ತಿಗೆಯ ಆಪರೇಷನ್ ಆಯಿತು. ಮೂರೂವರೆ ಗ್ರಂಥಿ ತೆಗೆದರು, ಅರ್ಧ ಉಳಿಸಿದರು.

ಏಪ್ರಿಲ್ 26

ಅವಳ ಕೈಬೆರಳು ಸೆಟೆದುಕೊಳ್ಳುತ್ತಿವೆ. ರಕ್ತದಲ್ಲಿ ಈಗ ಕ್ಯಾಲ್ಸಿಯಂ ಸಾಲದು, ಇದುವರೆಗೆ ಸವೆದ ಎಲುಬು ಎಲ್ಲವನ್ನೂ ಎಳೆದುಕೊಳ್ಳುತ್ತಿದೆಯಂತೆ. ನರದ ಮೂಲಕ ಹನಿಹನಿಯಾಗಿ ಕೊಡುತ್ತಿದ್ದಾರೆ. ಬೆರಳು ತಿಕ್ಕಿದರೆ ಆರಾಮವಾಗುತ್ತದೆ ಎಂದಳು. ತಿಕ್ಕಿದೆ.

ಮೇ 5

ದೀಪ್ತಿಯವರ ಫೋನು. ಫೈಲು ಮುಚ್ಚುತ್ತಿದ್ದಾರಂತೆ. "ನಿಮ್ಮ ಮನಸ್ಸಿಗೆ ಹೇಗೆ ಅನಿಸ್ತದೆ?" ಎಂದು ಕೇಳಿದರು. ಸ್ಕ್ಯಾನಿನ ಸಿ.ಡಿ. ಕೊಡುತ್ತೀರಾ ಎಂದು ಕೇಳಿದೆ. ಸುಮ್ಮನೆ ಅಲ್ಲಿ ಬಿದ್ದು ಹಾಳಾಗುವುದು ಯಾಕೆ?

ಮೇ 19

ಪ್ರವೀತನ ಹೆಂಡತಿಯ ಅಣ್ಣ ಕೋಝಿಕ್ಕೋಡಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸಕ್ಕಿದ್ದಾನೆ. ಅಲ್ಲಿಯ ಡಾಕ್ಟರರಿಗೆ ತೋರಿಸಲಿಕ್ಕೆ ಸಿ.ಡಿ. ಅವನಿಗೆ ಕಳಿಸಿದೆ. ಇದ್ದ ಮೇಲೆ ಇನ್ನೊಬ್ಬರು ನೋಡಲಿ.

ಜೂನ್ 17

ಗಾಳಿಮಳೆ. ಇವತ್ತು ಹನ್ನೊಂದು ಕಡೆ ಲೈನಿನ ಮೇಲೆ ಮರ. ಬೆಳಿಗ್ಗೆ ಏಳರಿಂದ ಕಂಬದಲ್ಲಿ.

ಜೂನ್ 20

ಅಕ್ಕನನ್ನು ಡಯಾಲಿಸಿಸ್‌ಗೆ ಬಿಟ್ಟು, ಮುಳಿಯಾರಿನಲ್ಲಿ ಎರಡು ಕಂಬ ಎಬ್ಬಿಸಿ, ಪುನಃ ಹೋಗಿ ಕರೆದುಕೊಂಡು ಬಂದೆ. ಸೋಮ, ಬುಧ, ಶುಕ್ರ ನನಗೆ ಮಧ್ಯಾಹ್ನದ ಡ್ಯೂಟಿ ಹಾಕಬೇಡಿ ಎಂದು ಓವರ್ಸೀಯರಿಗೆ ಹೇಳಿಟ್ಟಿದ್ದೇನೆ. ಭಾವನ ರಿಕ್ಷಾದಲ್ಲಿ ಅವಳಿಗೆ ಕುಲುಕಾಟ ಜಾಸ್ತಿ, ಬೇರೇನಿಲ್ಲ.

ಜುಲೈ 8

ಕೋಝಿಕ್ಕೋಡಿಗೆ ನಾನು, ಅಕ್ಕ ಇಬ್ಬರೇ ಹೋಗಿದ್ದೆವು. ಅಲ್ಲಿಯ ಸರ್ಜನ್ ಒಬ್ಬ ಹೆಂಗಸು, ಐವತ್ತೈದು ದಾಟಿರಬೇಕು. ಹೊಸ ಸ್ಕ್ಯಾನ್ ಮಾಡಿಸಿದರು. ಚಿತ್ರವನ್ನು ಹಿಂದೆ ಮುಂದೆ ತುಂಬಾ ಹೊತ್ತು ಓಡಿಸಿ, ಎಡಗಡೆ ಮೇಲ್ಭಾಗದಲ್ಲಿ ಒಂದು ಕಡೆ ಪೆನ್ನು ಇಟ್ಟರು. ಅಲ್ಲಿ ಬಿಳಿ ಗೆರೆ ತುಂಡಾಗಿತ್ತು.

"ಎರಡು ಬೆರಳಷ್ಟು ಜಾಗ ಮೆತ್ತಗಿರಬಹುದು. ಇರಬಹುದು ಎಂದಷ್ಟೇ ಹೇಳುತ್ತೇನೆ. ಚಿತ್ರದಲ್ಲಿ ಕಾಣುವುದೇ ಬೇರೆ, ಕೈಯಲ್ಲಿ ಮುಟ್ಟುವಾಗ ಸಿಗುವುದೇ ಬೇರೆ."

ಅವರ ಲೆಕ್ಕ ಹೀಗೆ. ಇಬ್ಬರನ್ನೂ ಒಂದೇ ದಿನ ತಯಾರು ಮಾಡುವುದು. ಮೊದಲು ಅಕ್ಕನನ್ನು ತೆರೆದು ನಾಳವನ್ನು ಕೈಯಿಂದ ಮುಟ್ಟಿ ನೋಡುವುದು. ಮೆತ್ತಗಿದ್ದರೆ ಮಾತ್ರ ನನ್ನ ಮೈಗೆ ಕತ್ತಿ ತಾಗಿಸುವುದು. ಇಲ್ಲದಿದ್ದರೆ ಅವಳನ್ನು ಹೊಲಿದು ಮುಚ್ಚುವುದು.

"ಮುಟ್ಟುವಾಗಲೇ ಒಡೆದರೆ ಕಾಲಿಗೆ ಅಪಾಯ. ಯೋಚಿಸಿ ಹೇಳಿ."

ಅಕ್ಕ ಅಲ್ಲಿಯೇ ಹೇಳಿದಳು, "ಮುಟ್ಟಿ ನೋಡಿ ಡಾಕ್ಟ್ರೇ." ನಾನು ಮಲಯಾಳದಲ್ಲಿ ಹೇಳಿ ತಿಳಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು.

ಬರುವಾಗ ರೈಲಿನಲ್ಲಿ ಜನ ಕಡಿಮೆ. ವಡಗರ ದಾಟಿದ ಮೇಲೆ ನಾನೇ ಕೇಳಿದೆ, "ಅವತ್ತು ದೇಲಂಪಾಡಿಗೆ ಹೋಗುವ ಮೊದಲು ನನ್ನತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನಾಲ್ಕು ಸಲ. ನಾಲ್ಕು ಸಲವೂ ನೀನು ಕುಡಿದಿದ್ದೆ."

ನನಗೆ ಒಂದೂ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ, ಒಣಮೀನಿನ ವಿಷಯ ಬಿಟ್ಟರೆ.

"ಆ ಹುಡುಗಿಗೂ ಒಂದು ಜನ್ಮ ಅಲ್ವಾ. ಇವತ್ತಾದರೂ ನಾನು ಹೋಗಿ ಹಾಗೇ ಹೇಳ್ತೇನೆ" ಎಂದಳು. ಸ್ವಲ್ಪ ಬಿಟ್ಟು, "ಆದರೆ ನೀನು ಕುಡಿಯುದು ಬಿಟ್ಟ ಮೇಲೆ ಬಂದು ನಿನ್ನನ್ನು ಮಾತಾಡಿಸ್ಬೇಕಿತ್ತು. ಅದು ನಾನು ಮಾಡ್ಲಿಲ್ಲ. ಅದು ನನ್ನ ತಪ್ಪು."

ಕಣ್ಣೂರಿನಲ್ಲಿ ಬಾಳೆಹಣ್ಣು ಕರಿದ ಪಳಂಪೊರಿ ಮಾರುವವನು ಬಂದ. ಬಿಸಿ ಇತ್ತು. ಬಾಳೆಹಣ್ಣು ಅವಳಿಗೆ ಆಗುವುದಿಲ್ಲ. ತೆಗೆದುಕೊಳ್ಳಲಿಲ್ಲ.

ಸೆಪ್ಟೆಂಬರ್ 16

ಕೋಝಿಕ್ಕೋಡಿನಲ್ಲಿ, ಕಿಡ್ನಿ ಕೊಡಲಿಕ್ಕೆ ಒಪ್ಪಿಗೆ ನೀಡುವ ಆಸ್ಪತ್ರೆಯ ಸಮಿತಿಯ ಮುಂದೆ ಸಂದರ್ಶನ. ಐದು ಜನ, ಉದ್ದದ ಮೇಜು. ನಾವು ಅಕ್ಕ ತಮ್ಮ ಎಂಬುದಕ್ಕೆ ಗ್ರಾಮ ಕಚೇರಿಯವರು ಕೊಟ್ಟ ಸರ್ಟಿಫಿಕೇಟ್ ತಿರುಗಿಸಿ ನೋಡಿದರು. ಯಾರಾದರೂ ಒತ್ತಾಯ ಮಾಡಿದ್ದಾರಾ, ಕುಡಿಯುತ್ತೀರಾ ಎಂದೆಲ್ಲ ಕೇಳಿದರು. ಮೊದಲು ಕುಡಿಯುತ್ತಿದ್ದೆ, ಈಗ ಇಲ್ಲ ಎಂದೆ. ಕೊನೆಗೆ ಒಬ್ಬರು, "ಯಾಕೆ ಕೊಡುತ್ತಿದ್ದೀರಿ?" ಎಂದರು.

"ಅಕ್ಕ ಅಲ್ವಾ" ಎಂದೆ. ರಶ್ಮಿತಾಳ ವಿಷಯ ಹೇಳಲಿಲ್ಲ. ಸಮಿತಿಯವರಿಗೆ ಸಣ್ಣ ಉತ್ತರ ಸಾಕು.

ಅಕ್ಟೋಬರ್ 13

ಇಬ್ಬರನ್ನೂ ದಾಖಲು ಮಾಡಿದರು. ಅಕ್ಕನಿಗೆ ಡಯಾಲಿಸಿಸ್ ಆಯಿತು. ಸಂಜೆ ಆರರ ಗಂಜಿಯ ನಂತರ ನಾನು ಏನೂ ತಿನ್ನಬಾರದು. ನರ್ಸ್ ಬಂದು ನನ್ನ ಎಡ ಪಕ್ಕೆಯಲ್ಲಿ ನೀಲಿ ಪೆನ್ನಿನಿಂದ ಗುರುತು ಹಾಕಿ ಹೋದಳು.

ಅಕ್ಟೋಬರ್ 14

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಏಳೂವರೆಗೆ ಅಕ್ಕನನ್ನು ಒಳಗೆ ತೆಗೆದುಕೊಂಡು ಹೋದರು. ಎಂಟಕ್ಕೆ ನನ್ನನ್ನು ಗಾಲಿಮಂಚದಲ್ಲಿ ಮಲಗಿಸಿ ಆಪರೇಷನ್ ಕೋಣೆಯ ಹೊರಗಿನ ಸಣ್ಣ ಜಾಗದಲ್ಲಿ ನಿಲ್ಲಿಸಿದರು. ಕೈಗೆ ಸೂಜಿ ಹಾಕಿಯಾಗಿತ್ತು. ಮೇಲೆ ಟ್ಯೂಬ್‌ಲೈಟ್ ಒಂದು ಮಿಣುಕುತ್ತಿತ್ತು, ಚೋಕ್ ಹೋಗಿರಬೇಕು. ಇಂಥ ಕಡೆ ಅದನ್ನು ಬದಲಿಸಬಾರದೇ ಎಂದುಕೊಂಡೆ. ತುಂಬಾ ಚಳಿ. ಒಬ್ಬ ನರ್ಸ್ ಇನ್ನೊಂದು ಹೊದಿಕೆ ಹಾಕಿದಳು.

ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದೆ. ಒಂದು ಸಲ ಯಾರೋ ಬಕೆಟ್ ಹಿಡಿದು ಹೋದರು. ಒಂದು ಸಲ ನಗುತ್ತಾ ಇಬ್ಬರು ಹೋದರು. ನಗುವುದಾದರೆ ಒಳಗೆ ಸರಿ ಹೋಗುತ್ತಿರಬೇಕು ಎಂದುಕೊಂಡೆ. ಅವರು ಬೇರೆ ಕೋಣೆಯವರಂತೆ.

ಒಂಬತ್ತೂವರೆಗೆ ಸರ್ಜನ್ ಬಂದರು. ಮುಖದ ಬಟ್ಟೆ ಕೆಳಗೆ ಎಳೆದುಕೊಂಡು ನನ್ನ ತಲೆಯ ಹತ್ತಿರ ನಿಂತರು.

"ಆಗಲಿಲ್ಲ ಯೋಗೀಶ್. ಆ ಜಾಗವೂ ಗಟ್ಟಿ. ಹಿಂಬದಿಯ ಗೋಡೆಯೆಲ್ಲ ಸುಣ್ಣ, ಅದು ಚಿತ್ರದಲ್ಲಿ ಕಂಡಿರಲಿಲ್ಲ. ನಾನು ಅದುಮಲಿಕ್ಕೆ ಹೋಗಲಿಲ್ಲ. ಅವರ ಕಾಲಿಗೆ ಏನೂ ಆಗಿಲ್ಲ. ಹೊಲಿಯುತ್ತಿದ್ದಾರೆ."

ಬಲಗಡೆ ನೋಡಿ ಎಂದೆ. ಬಲಗಡೆ ಇನ್ನೂ ಹೆಚ್ಚು ಎಂದರು. ಮೇಲೆ ನೋಡಿ ಎಂದೆ. ಅಲ್ಲಿಯೂ ನೋಡಿಯಾಯಿತು ಎಂದರು. ಇನ್ನೊಮ್ಮೆ ಮುಟ್ಟಿ ನೋಡಿ ಡಾಕ್ಟ್ರೇ, ನಾನು ಇಲ್ಲೇ ಇರುತ್ತೇನೆ ಎಂದೆ. ಅವರು ನನ್ನ ಭುಜದ ಮೇಲೆ ಕೈ ಇಟ್ಟು, ಎರಡು ಸಲ ಮುಟ್ಟಿದ್ದೇನೆ ಎಂದರು. ರಂಜಕ ಹಿಡಿತದಲ್ಲಿದ್ದರೆ ಡಯಾಲಿಸಿಸಿನಲ್ಲೇ ಇನ್ನೂ ಎಷ್ಟೋ ವರ್ಷ ಕಳೆಯಬಹುದು ಎಂದೂ ಹೇಳಿದರು. ಅವರ ಕೈ ಬೆಚ್ಚಗಿತ್ತು.

ಆಮೇಲೆ ನರ್ಸ್ ಬಂದು ಕೈಯ ಸೂಜಿ ತೆಗೆದಳು. "ಏಳಬಹುದು" ಎಂದಳು. ನಾನು ಏಳಲಿಲ್ಲ. ಅವಳು ಹೋಗಿ ಬಂದು ಪುನಃ ಹೇಳಿದಳು. ಆಗಲೂ ಏಳಲಿಲ್ಲ. ಯಾಕೆಂದು ಗೊತ್ತಿಲ್ಲ, ತಲೆ ತಿರುಗುತ್ತಿರಲಿಲ್ಲ, ಕಾಲು ಸರಿಯಿತ್ತು. ಮೂರನೆಯ ಸಲ ಅವಳು ಏನೂ ಹೇಳದೆ ಪಕ್ಕದಲ್ಲಿ ನಿಂತಳು. ಆ ಮಂಚ ಬೇರೆಯವರಿಗೆ ಬೇಕಿತ್ತು. ಎದ್ದೆ.

ಅಕ್ಟೋಬರ್ 15

ಬೆಳಿಗ್ಗೆ ಅಕ್ಕನಿಗೆ ಸರಿಯಾಗಿ ಎಚ್ಚರವಾಯಿತು. ಐ.ಸಿ.ಯು. ಒಳಗೆ ಒಬ್ಬರನ್ನೇ ಬಿಡುವುದು. ಭಾವ, "ನನ್ನಿಂದ ಹೇಳ್ಲಿಕ್ಕೆ ಆಗುದಿಲ್ಲ, ನೀನೇ ಹೋಗು" ಎಂದರು. ರಶ್ಮಿತಾ ಮುಖ ತೊಳೆಯಲು ಹೋದವಳು ಬಂದಿರಲಿಲ್ಲ. ಹೇಗೆ ಹೇಳುವುದೆಂದು ಮೂರು ವಾಕ್ಯ ಜೋಡಿಸಿಕೊಂಡು ಹೋದೆ.

ಅಕ್ಕ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. ಮತ್ತೆ ಕಾಲಿನವರೆಗೆ ನೋಡಿದಳು.

"ನೀನು ನಿಂತಿದ್ದೀಯಲ್ಲ" ಎಂದಳು.

ನನ್ನ ವಾಕ್ಯಗಳು ಬೇಕಾಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಕಿವಿಯ ಕಡೆಗೆ ಇಳಿದ ನೀರನ್ನು ನಾನು ಒರೆಸಿದೆ, ಅವಳ ಬಲಗೈಯಲ್ಲಿ ನಳಿಗೆಗಳಿದ್ದವು. ಮತ್ತೆ ಅವಳೇ ಕೇಳಿದಳು.

"ಎಷ್ಟು ಹೊತ್ತು ಕಾದೆ ಹೊರಗೆ?"

"ಒಂದೂವರೆ ಗಂಟೆ."

"ಹೊಟ್ಟೆಗೆ ಇಲ್ಲದೆ?"

"ಹೂಂ."

"ಮತ್ತೆ ಎಂತ ತಿಂದೆ?"

"ಊಟ ಮಾಡಿದೆ" ಎಂದೆ. ಹೇಳುವಾಗಲೇ ನೆನಪಾಯಿತು, ಮೊನ್ನೆಯ ಗಂಜಿಯ ನಂತರ ಚಾ ಬಿಟ್ಟರೆ ಏನೂ ಇಲ್ಲ.

"ಇಲ್ಲ. ನೀನು ತಿಂದಿಲ್ಲ. ಹೋಗಿ ತಿಂದು ಬಾ ಯೋಗಿ."

ಕೆಳಗೆ ಕ್ಯಾಂಟೀನಿನಲ್ಲಿ ಪುಟ್ಟು, ಕಡಲೆ ಇತ್ತು. ಎರಡು ಸಲ ಹಾಕಿಸಿಕೊಂಡೆ. ತಿರುಗಿ ಮೆಟ್ಟಿಲು ಹತ್ತಿ ಬರುವಾಗ ಒಳಗೆ ಬಿಡುವ ಸಮಯ ಮುಗಿದಿತ್ತು. ಇನ್ನು ಸಂಜೆ ನಾಲ್ಕಕ್ಕೆ ಅಂತೆ. ಭಾವನನ್ನೂ ರಶ್ಮಿತಾಳನ್ನೂ ರೂಮಿಗೆ ಕಳಿಸಿ ಬಾಗಿಲಿನ ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದೇನೆ. ಇದನ್ನು ಇಲ್ಲಿಂದಲೇ ಬರೆದದ್ದು.

ಈಗ ಗಂಟೆ ಹನ್ನೊಂದು ಆಗುತ್ತಾ ಬಂತು.